ಉಂಡ ಅನ್ನದ ಋಣ ಯಾರಿಗೆ?



ವ್ಯಾಪಾರಸ್ಥರಾದ ನಮಗೆ ಒಂದು ಅಭ್ಯಾಸ ಬಿದ್ದುಹೋಗಿದೆ. ಯಾವುದನ್ನು ಕಂಡರೂ ಜಮೆ ಒಂದು ಕಡೆ, ಖರ್ಚು ಒಂದು ಕಡೆ ಬರೆದು ನೋಡುತ್ತೇವೆ. ಅಡಿಕೆ ತಂದುಹಾಕಿದವನ ಹೆಸರಿನಲ್ಲಿ ಇಷ್ಟು, ಮುಂಗಡ ಒಯ್ದವನ ಹೆಸರಿನಲ್ಲಿ ಇಷ್ಟು ಎಂದು ಬರೆದು, ವರ್ಷದ ಕೊನೆಗೆ ಎರಡೂ ಸರಿಹೊಂದಿದರೆ ನೆಮ್ಮದಿಯಿಂದ ನಿದ್ದೆ ಮಾಡುತ್ತೇವೆ. ರೈತಬಂಧುಗಳ ಲೆಕ್ಕವೂ ಬೇರೆಯಲ್ಲ. ಬಿತ್ತಿದ್ದೆಷ್ಟು, ಬೆಳೆದದ್ದೆಷ್ಟು, ಕೂಲಿಗೆ ಹೋದದ್ದೆಷ್ಟು ಎಂಬುದು ಅವರ ಬೆರಳ ತುದಿಯಲ್ಲಿರುತ್ತದೆ. ಆದರೆ ದಾಸೋಹದ ಪಂಕ್ತಿಯಲ್ಲಿ ಕುಳಿತು ಉಂಡ ಒಂದು ಹೊತ್ತಿನ ಅನ್ನವನ್ನು ಯಾವ ಕಡೆ ಬರೆಯಬೇಕು? ಉಂಡವನು ಸಾಲಗಾರನೇ? ಸಾಲಗಾರನಾದರೆ ಸಾಲ ಕೊಟ್ಟವರು ಯಾರು, ತೀರಿಸುವುದು ಯಾವುದರಿಂದ? ಉಣಿಸಿದವನು ಉಂಡವನಿಂದ ಏನನ್ನಾದರೂ ಕೇಳಬಹುದೇ?

ಈ ಪ್ರಶ್ನೆಯನ್ನು ಪುಸ್ತಕ ಓದಿ ಎತ್ತುತ್ತಿಲ್ಲ. ೧೯೭೦ರ ದಶಕದಲ್ಲಿ ನಾನು ಘಟ್ಟದ ಮೇಲಿನ ಒಂದು ಊರಿನ ಉಚಿತ ವಿದ್ಯಾರ್ಥಿನಿಲಯದಲ್ಲಿ ಮೂರು ವರ್ಷ ಅನ್ನ ಉಂಡು ಓದಿದವನು. ಸೇರುವ ದಿನವೇ ಗುಮಾಸ್ತರು ಕೇಳಿದ ಮೊದಲ ಮಾತು, "ನೀನು ಕೇರಳದವನಲ್ಲವೇ, ಇಲ್ಲಿಗೇಕೆ ಬಂದೆ?" ಎಂದು. ೧೯೫೬ರ ನವೆಂಬರ್ ೧ರ ನಂತರ ನಮ್ಮ ಕಾಸರಗೋಡಿನವರಿಗೆ ಈ ಪ್ರಶ್ನೆ ಹೊಸದಲ್ಲ. ಅಲ್ಲಿಗೆ ಹೋದರೆ ಕೇರಳದವರು, ಇಲ್ಲಿ ಕೇಳಿದರೆ ಕನ್ನಡದವರು. ಕೊಡುವ ಕೈ ಕೊಡುವುದಕ್ಕಿಂತ ಮೊದಲು "ನೀನು ಯಾರವನು" ಎಂದು ಕೇಳಿದಾಗ ಹೊಟ್ಟೆಯೊಳಗೆ ಏನಾಗುತ್ತದೆಂಬುದನ್ನು ಗಡಿಯಲ್ಲಿ ಬದುಕುವ ನಮಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಅಂತೂ ಸೀಟು ಸಿಕ್ಕಿತು, ಅನ್ನವೂ ಸಿಕ್ಕಿತು. ಅದನ್ನು ಮರೆಯಲಾರೆ.

ಅಲ್ಲಿ ವರ್ಷಕ್ಕೊಮ್ಮೆ ದಾನಿಗಳ ದಿನವೆಂದು ನಡೆಯುತ್ತಿತ್ತು. ಹಾರ, ತುರಾಯಿ, ಧ್ವನಿವರ್ಧಕ. ನಿಲಯದ ಒಬ್ಬ ಹುಡುಗ ವೇದಿಕೆಯ ಮೇಲೆ ನಿಂತು ತನ್ನ ಮನೆಯ ಬಡತನವನ್ನು ಹೇಳಿ ದಾನಿಗಳಿಗೆ ಕೃತಜ್ಞತೆ ಸಲ್ಲಿಸಬೇಕು. ಎರಡನೆಯ ವರ್ಷ ಆ ಪಾಳಿ ನನ್ನದಾಯಿತು. ನನ್ನ ತಾಯಿ ಗೇರುಬೀಜ ಹೆಕ್ಕಿ ಮಾರಿದ ಹಣದಲ್ಲಿ ಬಟ್ಟೆ ಕೊಂಡು, ತಾನೇ ಕೈಹೊಲಿಗೆ ಹಾಕಿ ಒಂದು ಬಿಳಿ ಅಂಗಿ ಕಳಿಸಿದ್ದಳು. ಅಷ್ಟು ಜನರ ಮುಂದೆ ನಿಲ್ಲುವ ದಿನ ಅದನ್ನೇ ತೊಡಬೇಕೆಂದು ತೊಟ್ಟು ಬಂದೆ. ಮೇಲ್ವಿಚಾರಕರು ನೋಡಿ, "ಇದು ಬೇಡ, ಆ ಹರಿದದ್ದು ಇದೆಯಲ್ಲ, ಅದನ್ನೇ ಹಾಕಿಕೊಂಡು ಬಾ" ಎಂದರು. ಅವರು ಕೆಟ್ಟವರಲ್ಲ. ಮರುವರ್ಷದ ಅಕ್ಕಿಗೆ ಹಣ ಬರಬೇಕಲ್ಲ, ಅದರ ಚಿಂತೆ ಅವರಿಗೆ. ನಾನು ಹರಿದ ಅಂಗಿ ತೊಟ್ಟು ಕಲಿಸಿಕೊಟ್ಟ ಮಾತು ಹೇಳಿದೆ. ಚಪ್ಪಾಳೆ ಬಿತ್ತು. ಆ ದಿನದ ಊಟದಲ್ಲಿ ಪಾಯಸವಿತ್ತು. ಎರಡು ಸಲ ಬಡಿಸಿಕೊಂಡೆ ಎಂಬುದನ್ನೂ ಇಲ್ಲಿ ಬರೆಯದಿದ್ದರೆ ಸುಳ್ಳಾದೀತು. ಆದರೆ ನನ್ನ ಮಕ್ಕಳಿಗೆ ನಾನು ಆ ನಿಲಯದಲ್ಲಿ ಓದಿದೆನೆಂದು ಇಂದಿಗೂ ಸರಿಯಾಗಿ ಹೇಳಿಲ್ಲ.

ಅನ್ನ ಕೊಟ್ಟವರ ಮೇಲೆ ಕೃತಜ್ಞತೆಯೂ ಇದೆ, ಏನೋ ಒಂದು ಕಹಿಯೂ ಇದೆ. ಇವೆರಡೂ ಒಂದೇ ಎದೆಯಲ್ಲಿ ಹೇಗೆ ಇರುತ್ತವೆ? ನಾನು ಕೃತಘ್ನನೇ?

ನಮ್ಮ ಶರಣರು ಈ ಪ್ರಶ್ನೆಯನ್ನು ಎಂಟುನೂರು ವರ್ಷಗಳ ಹಿಂದೆಯೇ ಎದುರಿಸಿದ್ದರು. 'ದಾನ' ಎಂಬ ಹಳೆಯ ಮಾತು ಕೈಯಲ್ಲಿದ್ದರೂ ಅವರು 'ದಾಸೋಹ' ಎಂಬ ಮಾತನ್ನು ಹಿಡಿದರು. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ಇದು ನಮಗೆಲ್ಲ ಬಾಯಿಪಾಠವಾಗಿರುವ ಮಾತು. ಬಾಯಿಪಾಠವಾದದ್ದರಿಂದಲೇ ನಾವು ಅದರ ಬಿಸಿಯನ್ನು ಮರೆತಿದ್ದೇವೆ. ಕಲ್ಯಾಣದ ಮಹಾಮನೆಯಲ್ಲಿ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರಿಗೆ ದಾಸೋಹ ನಡೆಯುತ್ತಿತ್ತೆಂದು ಪರಂಪರೆ ಹೇಳುತ್ತದೆ. ಆ ಸಂಖ್ಯೆಯನ್ನು ಹೇಳಿ ನಾವು ಹೆಮ್ಮೆಪಡುತ್ತೇವೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುತ್ತಿದ್ದ ಮಾರಯ್ಯನ ಕಥೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಕಟ್ಟಿಕೊಂಡು ಮನೆಗೆ ಬಂದ. ಹೆಂಡತಿ ಲಕ್ಕಮ್ಮ ಹಿಗ್ಗಲಿಲ್ಲ. ನಮಗೆ ಬೇಕಾದದ್ದಕ್ಕಿಂತ ಹೆಚ್ಚಿನದು ನಮ್ಮದಲ್ಲ, ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳು. ಕಲ್ಯಾಣದಲ್ಲೆಲ್ಲ ಬಡವರೆನಿಸಿಕೊಂಡ ಮನೆ ಅದು. ಪಡೆಯುವವನಿಗೂ ಒಂದು ಗತ್ತು ಇರುತ್ತದೆ, ಬೇಡವೆನ್ನುವ ಅಧಿಕಾರ ಅವನಿಗೂ ಇದೆ ಎಂಬುದನ್ನು ಆ ತಾಯಿ ತೋರಿಸಿದಳು.

ಮೋಳಿಗೆ ಮಾರಯ್ಯನದು ಇನ್ನೂ ಸೂಕ್ಷ್ಮವಾದ ಪ್ರಸಂಗ. ಸೌದೆ ಹೊತ್ತು ಮಾರಿ ಜಂಗಮರಿಗೆ ಅಂಬಲಿ ಎರೆಯುತ್ತಿದ್ದ ಅವನ ಮನೆಗೆ ಬಸವಣ್ಣನವರು ವೇಷ ಮರೆಸಿಕೊಂಡು ಹೋಗಿ, ಅಂಬಲಿ ಸ್ವೀಕರಿಸಿ, ಅವರ ಬಡತನ ಕಂಡು ಮರುಗಿ, ಯಾರಿಗೂ ತಿಳಿಯದಂತೆ ಹೊನ್ನನ್ನು ಇಟ್ಟು ಬಂದರು. ಗುಟ್ಟಿನಲ್ಲಿ ಕೊಡುವುದೇ ಶ್ರೇಷ್ಠವೆಂದು ನಾವು ಹೇಳುತ್ತೇವಷ್ಟೆ? ಮಾರಯ್ಯ ದಂಪತಿಗಳು ಆ ಹೊನ್ನನ್ನು ತಮಗೆಂದು ಮುಟ್ಟದೆ ಜಂಗಮರಿಗೆ ಹಂಚಿ, ಮರುದಿನ ಎಂದಿನಂತೆ ಸೌದೆಗೆ ಹೊರಟರು. ಬಸವಣ್ಣನವರಂಥವರ ಕರುಣೆಯೂ ಬಡವನ ಕಾಯಕದ ಮೇಲೆ ಹಗುರವಾದ ಒಂದು ಅನುಮಾನವಾಗಬಲ್ಲದು ಎಂಬ ಎಚ್ಚರವನ್ನು ಈ ಕಥೆಯನ್ನು ಉಳಿಸಿಕೊಂಡು ಬಂದ ನಮ್ಮ ಹಿರಿಯರು ಬಲ್ಲವರಾಗಿದ್ದರು.

ಇವು ಹಳೆಯ ಕಥೆಗಳಾದವು. ಹಾಗಾದರೆ ದಾಸೋಹವನ್ನು ಒಂದು ದಿನವಲ್ಲ, ಒಂದು ತಲೆಮಾರಲ್ಲ, ಶತಮಾನಗಳ ಕಾಲ ನಡೆಸುವ ಮನೆ ಹೇಗಿರುತ್ತದೆ? ಅದು ತನ್ನಲ್ಲಿ ಉಣ್ಣುವವರಿಂದ ಏನು ಕೇಳುತ್ತದೆ?

ತುಮಕೂರಿನ ಬಳಿ ಕ್ಯಾತ್ಸಂದ್ರದ ಪಕ್ಕದ ಬೆಟ್ಟದ ಬುಡದಲ್ಲಿರುವ ಸಿದ್ಧಗಂಗೆಯನ್ನು ನಮ್ಮಲ್ಲಿ ಅನೇಕರು ಕಂಡಿದ್ದೀರಿ. ಗೋಸಲ ಸಿದ್ಧೇಶ್ವರರು ಹದಿನೈದನೆಯ ಶತಮಾನದಲ್ಲಿ ಅಲ್ಲಿ ನೆಲೆಸಿದರೆಂಬುದು ಮಠದ ಪರಂಪರೆ. ಬಾಯಾರಿದ ಒಬ್ಬ ವೃದ್ಧ ವಿರಕ್ತರಿಗಾಗಿ ಬಂಡೆಯಿಂದ ನೀರು ಬಂದಿತು, ಅದರಿಂದಲೇ ಆ ಹೆಸರು ಬಂದಿತು ಎಂದು ಭಕ್ತರು ಹೇಳುತ್ತಾರೆ. ಕಥೆಯನ್ನು ನಂಬುವವರು ನಂಬಲಿ, ಬಿಡುವವರು ಬಿಡಲಿ. ಮಠದ ಹೆಸರೇ ಬಾಯಾರಿಕೆಯ ನೆನಪಾಗಿರುವುದು ನನಗೆ ಇಷ್ಟ. ಅಟವೀ ಸ್ವಾಮಿಗಳ ಕಾಲದಲ್ಲಿ ಹೊತ್ತಿಸಿದ ದಾಸೋಹದ ಒಲೆ ಇಂದಿಗೂ ಆರಿಲ್ಲವೆಂಬುದು ಅಲ್ಲಿನವರ ನಂಬಿಕೆ. ಅನಂತರ ಉದ್ಧಾನ ಶಿವಯೋಗಿಗಳು, ಅವರ ನಂತರ ೧೯೪೧ರಲ್ಲಿ ಪೀಠದ ಹೊಣೆ ಹೊತ್ತವರು ಶ್ರೀ ಶಿವಕುಮಾರ ಮಹಾಸ್ವಾಮಿಗಳು. ಮಾಗಡಿ ತಾಲೂಕಿನ ವೀರಾಪುರದ ರೈತ ಮನೆತನದಲ್ಲಿ ೧೯೦೭ರ ಏಪ್ರಿಲ್ ೧ರಂದು ಹುಟ್ಟಿದವರು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು, ೧೯೩೦ರಲ್ಲಿ ದೀಕ್ಷೆ ಪಡೆದವರು.

ಅಲ್ಲಿ ಇಂದು ಸುಮಾರು ಹತ್ತು ಸಾವಿರ ಮಕ್ಕಳು ಊಟ, ವಸತಿ, ವಿದ್ಯೆ ಮೂರನ್ನೂ ಉಚಿತವಾಗಿ ಪಡೆಯುತ್ತಿದ್ದಾರೆ. ಲಿಂಗಾಯತ ಮಕ್ಕಳು ಮಾತ್ರವಲ್ಲ, ಎಲ್ಲ ಜಾತಿಯವರೂ, ಮುಸಲ್ಮಾನರ ಮಕ್ಕಳೂ ಒಂದೇ ಪಂಕ್ತಿಯಲ್ಲಿ. ಮುಂಜಾವಿನಲ್ಲಿ ಎದ್ದು ಅಂಗಳದಲ್ಲಿ ಸಾಲಾಗಿ ಕುಳಿತು ಪ್ರಾರ್ಥನೆ, ಸಂಜೆ ಮತ್ತೆ ಪ್ರಾರ್ಥನೆ. ಮಧ್ಯೆ ಶಾಲೆ. ತಟ್ಟೆ ತೊಳೆಯುವುದು, ಅಂಗಳ ಗುಡಿಸುವುದು, ಸಣ್ಣವರನ್ನು ದೊಡ್ಡವರು ನೋಡಿಕೊಳ್ಳುವುದು ಎಲ್ಲವೂ ಮಕ್ಕಳದೇ. ಮುದ್ದೆ, ಅನ್ನ, ಸಾರು. ನಮ್ಮ ಕರಾವಳಿಯ ಹುಡುಗರಿಗೆ ಮೊದಲ ವಾರ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ, ಎರಡನೆಯ ವಾರ ಇನ್ನೊಂದು ಕೇಳುತ್ತಾರೆ ಎಂದು ಅಲ್ಲಿ ಓದಿ ಬಂದವರೊಬ್ಬರು ನಗುತ್ತ ಹೇಳುತ್ತಿದ್ದರು.

ಹಾಗಾದರೆ ಸಿದ್ಧಗಂಗೆಯೂ ಕೇಳುತ್ತದೆ. ಕೆಲಸ ಕೇಳುತ್ತದೆ, ಶಿಸ್ತು ಕೇಳುತ್ತದೆ, ಪ್ರಾರ್ಥನೆಯನ್ನೂ ಕೇಳುತ್ತದೆ. ಅನ್ಯಮತದ ಮಗುವೊಂದು ಆ ಪ್ರಾರ್ಥನೆಯಲ್ಲಿ ಕುಳಿತುಕೊಳ್ಳಬೇಕಾಗುವುದು ಸರಿಯೇ ಎಂದು ಯಾರಾದರೂ ಕೇಳಿದರೆ, ಪ್ರಶ್ನೆಯೇ ತಪ್ಪು ಎಂದು ನಾನು ಹೇಳಲಾರೆ. ನನ್ನ ನಿಲಯವೂ ನನ್ನಿಂದ ಕೇಳಿತ್ತು. ಎರಡಕ್ಕೂ ವ್ಯತ್ಯಾಸವೇನು? ಇದನ್ನು ಯೋಚಿಸುತ್ತಿದ್ದಾಗ ನನಗೆ ನೆರವಾದದ್ದು ನಮ್ಮ ದೇಶದ್ದಲ್ಲದ ಒಂದು ಮನೆ.

ನಮ್ಮ ಊರಿನ ಹುಡುಗನೊಬ್ಬ ಜರ್ಮನಿಯಲ್ಲಿ ಕೆಲಸದಲ್ಲಿದ್ದಾನೆ. ರಜೆಗೆ ಬಂದಾಗ ಔಗ್ಸ್‌ಬುರ್ಗ್ ಎಂಬ ಪಟ್ಟಣದಲ್ಲಿ ತಾನು ನೋಡಿದ ಒಂದು ಧರ್ಮವಸತಿಯ ಬಗ್ಗೆ ಹೇಳಿದ. ಅದರ ಹೆಸರು ಫುಗ್ಗರೈ. ಅಂದಿನಿಂದ ಅದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಯಾಕೋಬ್ ಫುಗ್ಗರ್ ಎಂಬ ವ್ಯಾಪಾರಿ ೧೫೨೧ರಲ್ಲಿ ಅದಕ್ಕೆ ಶಾಸನಪತ್ರ ಬರೆಸಿದ. ಅವನ ಅಜ್ಜ ನೇಕಾರ. ಹಳ್ಳಿಯಿಂದ ಮಗ್ಗ ಹಿಡಿದು ಪಟ್ಟಣಕ್ಕೆ ಬಂದ ಮನೆತನ ಬಟ್ಟೆ, ಆಮೇಲೆ ತಾಮ್ರ, ಬೆಳ್ಳಿ, ಆಮೇಲೆ ರಾಜರಿಗೇ ಸಾಲ ಎಂದು ಬೆಳೆಯಿತು. ೧೫೧೯ರಲ್ಲಿ ಐದನೆಯ ಚಾರ್ಲ್ಸ್ ಚಕ್ರವರ್ತಿಯಾಗಿ ಆಯ್ಕೆಯಾಗಲು ಬೇಕಾದ ಹಣದ ದೊಡ್ಡ ಪಾಲು ಕೊಟ್ಟವನು ಇವನೇ. ಅಂಥ ಸಾಹುಕಾರ ತನ್ನ ಊರಿನ ಬಡ ಕುಶಲಕರ್ಮಿಗಳಿಗೂ ಕೂಲಿಗಳಿಗೂ ಸಾಲುಮನೆ ಕಟ್ಟಿಸಿಕೊಟ್ಟ. ಭಿಕ್ಷುಕರಿಗಲ್ಲ, ದುಡಿದೂ ತಮ್ಮ ತಪ್ಪಿಲ್ಲದೆ ಕಷ್ಟಕ್ಕೆ ಬಿದ್ದವರಿಗೆ.

ಐನೂರು ವರ್ಷ ದಾಟಿದರೂ ಅದು ನಡೆಯುತ್ತಿದೆ. ಅರವತ್ತೇಳು ಮನೆಗಳು, ಸುಮಾರು ನೂರೈವತ್ತು ನಿವಾಸಿಗಳು. ವರ್ಷದ ಬಾಡಿಗೆ ಅಂದು ಒಂದು ರೈನ್ ಗುಲ್ಡನ್, ಇಂದು ೦.೮೮ ಯೂರೋ, ನಮ್ಮ ಲೆಕ್ಕದಲ್ಲಿ ನೂರು ರೂಪಾಯಿಗೂ ಕಡಿಮೆ. ತಿಂಗಳಿಗಲ್ಲ, ವರ್ಷಕ್ಕೆ! ಬಾಡಿಗೆಯೊಂದಿಗೆ ಇನ್ನೂ ಒಂದು ಕರಾರು. ನಿವಾಸಿಗಳು ದಿನಕ್ಕೆ ಮೂರು ಪ್ರಾರ್ಥನೆಗಳನ್ನು ಫುಗ್ಗರ್ ಮತ್ತು ಅವನ ಕುಟುಂಬದವರ ಆತ್ಮಕ್ಕಾಗಿ ಹೇಳಬೇಕು. ಔಗ್ಸ್‌ಬುರ್ಗಿನವರೇ ಆಗಿರಬೇಕು, ಕ್ಯಾಥೊಲಿಕರೇ ಆಗಿರಬೇಕು, ನಿಜವಾಗಿ ಬಡವರಾಗಿರಬೇಕು. ರಾತ್ರಿ ಹತ್ತಕ್ಕೆ ಬಾಗಿಲು ಹಾಕುತ್ತಾರೆ. ತಡವಾಗಿ ಬಂದವರು ಕಾವಲುಗಾರನಿಗೆ ಅರ್ಧ ಯೂರೋ, ನಡುರಾತ್ರಿ ಕಳೆದರೆ ಒಂದು ಯೂರೋ ಕೊಡಬೇಕು. ಜಗತ್ತಿಗೆಲ್ಲ ಹೆಸರಾದ ಸಂಗೀತಗಾರ ಮೊಜಾರ್ಟ್‌ನ ಮುತ್ತಜ್ಜ, ಗಾರೆ ಕೆಲಸದವನು, ಇಲ್ಲಿಯೇ ಆಶ್ರಯ ಪಡೆದಿದ್ದ. ೧೯೪೪ರ ಫೆಬ್ರವರಿಯ ಬಾಂಬ್ ದಾಳಿಯಲ್ಲಿ ಮನೆಗಳು ಬಹುಪಾಲು ನೆಲಸಮವಾದವು. ಯುದ್ಧ ಮುಗಿಯುವ ಮುನ್ನವೇ ಮತ್ತೆ ಕಟ್ಟಬೇಕೆಂದು ಮನೆತನ ತೀರ್ಮಾನಿಸಿ, ಕಟ್ಟಿಯೂಬಿಟ್ಟಿತು. ನಿಧಿಯ ಮುಖ್ಯ ಆದಾಯ ಕಾಡಿನ ಮರಗಳಿಂದ ಬರುತ್ತದೆ. ಬಡ್ಡಿಗಿಂತ ಕಾಡನ್ನು ನಂಬಿದವರು ಜಾಣರೆಂದು ತೋಟ ಇಟ್ಟವರಿಗೆ ಹೇಳಬೇಕಾಗಿಲ್ಲ.

ಆ ಹುಡುಗ ಹೇಳಿದ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ನಿಂತಿದೆ. ಅಲ್ಲಿ ಪ್ರತಿಯೊಂದು ವಸತಿಗೂ ಬೀದಿಗೆ ತೆರೆಯುವ ಅದರದೇ ಬಾಗಿಲು, ಬಾಗಿಲಿಗೊಂದು ಗಂಟೆಯ ಹಿಡಿ. ಒಂದರಂತೆ ಇನ್ನೊಂದಿಲ್ಲ. ಒಂದು ಎಲೆಯಂತೆ, ಒಂದು ಕಾಯಿಯಂತೆ. ಬೀದಿದೀಪವಿಲ್ಲದ ಕಾಲದಲ್ಲಿ ಕತ್ತಲಲ್ಲಿ ಮನೆಗೆ ಬಂದವನು ಕೈಯಿಂದ ತಡವಿ ನೋಡಿ ಇದು ನನ್ನ ಬಾಗಿಲು ಎಂದು ತಿಳಿಯುತ್ತಿದ್ದನಂತೆ. ಧರ್ಮದ ಮನೆಯಲ್ಲಿದ್ದವನಿಗೂ 'ನನ್ನ ಬಾಗಿಲು' ಎಂಬುದೊಂದು ಇತ್ತು. ಆ ಒಂದು ಗುಲ್ಡನ್ ಬಾಡಿಗೆಯೂ ಹಾಗೆಯೇ. ಸಾಹುಕಾರನಿಗೆ ಅದರಿಂದ ಆಗಬೇಕಾದದ್ದು ಏನೂ ಇರಲಿಲ್ಲ. ಕೊಟ್ಟವನಿಗೆ ಮಾತ್ರ ತಾನು ಬಿಟ್ಟಿ ಕುಳಿತವನಲ್ಲ, ಬಾಡಿಗೆಯವನು ಎನ್ನುವ ನೆಲೆ ಸಿಗುತ್ತಿತ್ತು. ಆದ್ದರಿಂದ ಏನೂ ಕೇಳದೆ ಕೊಡುವುದೇ ಯಾವಾಗಲೂ ಮೇಲು ಎಂಬ ನಮ್ಮ ಮಾತನ್ನು ಸ್ವಲ್ಪ ತಡೆದು ಹೇಳಬೇಕು. ಕೇಳುವುದರಲ್ಲಿಯೂ ಮರ್ಯಾದೆ ಕೊಡುವ ಕೇಳುವಿಕೆಯೊಂದಿದೆ. ಸಿದ್ಧಗಂಗೆಯ ಮಗು ತನ್ನ ತಟ್ಟೆ ತಾನು ತೊಳೆದು ಅಂಗಳ ಗುಡಿಸುವಾಗ ಆ ಮನೆಯ ಮಗುವಾಗುತ್ತದೆ. ಕೆಲಸ ಮಾಡಿಸದೆ ಕೂರಿಸಿ ಬಡಿಸಿದ್ದರೆ ಅದು ಅತಿಥಿಯೂ ಅಲ್ಲ, ಮನೆಯವನೂ ಅಲ್ಲ ಎಂಬಂತಾಗುತ್ತಿತ್ತು.

ಆದರೆ ಆ ಮೂರು ಪ್ರಾರ್ಥನೆಗಳು? ಅಲ್ಲಿ ನನ್ನ ಮನಸ್ಸು ತೊಡಕಿಕೊಳ್ಳುತ್ತದೆ. ಐನೂರು ವರ್ಷಗಳಿಂದ ಎಷ್ಟೋ ಸಾವಿರ ಬಡವರು ಒಬ್ಬ ಸಾಹುಕಾರನ ಸದ್ಗತಿಗಾಗಿ ದಿನವೂ ಬೇಡಿಕೊಂಡಿದ್ದಾರೆ. ತಪ್ಪೆನ್ನಲಾರೆ, ಆ ಕಾಲದ, ಆ ಮತದ ನಂಬಿಕೆ ಅದು, ಅದರಿಂದಾಗಿ ಎಷ್ಟೋ ವೃದ್ಧರ ತಲೆಯ ಮೇಲೆ ಸೂರು ಉಳಿದಿದೆ. ಆದರೂ ಅದರಲ್ಲಿ ನನಗೆ ನಮ್ಮ ಅಂಗಡಿಯ ಖಾತೆಯೇ ಕಾಣುತ್ತದೆ. ಕೊಟ್ಟದ್ದು ಮನೆ, ಬರಬೇಕಾದದ್ದು ಪ್ರಾರ್ಥನೆ. ಕೊಟ್ಟವನ ಹೆಸರು ಅಳಿಯಬಾರದು. ಹರಿದ ಅಂಗಿಯಲ್ಲಿ ನಿಂತು ನಾನು ಹೇಳಿದ ಭಾಷಣವೂ ಅದೇ ಬಗೆಯ ಬಾಡಿಗೆ. ಅವರಾದರೂ ಮನೆಯೊಳಗೆ, ತಮ್ಮಷ್ಟಕ್ಕೆ ಹೇಳಿಕೊಂಡರೆ ಸಾಕು. ನಾನು ವೇದಿಕೆಯ ಮೇಲೆ ಹೇಳಬೇಕಾಗಿತ್ತು.

ಸಿದ್ಧಗಂಗೆಯಲ್ಲಿ ಹಾಗೆ ಯಾರ ಹೆಸರು ಹೇಳಬೇಕು? ನೋಡಿರಿ, ಇಲ್ಲಿಯೇ ವಿಷಯದ ತಿರುಳಿದೆ. ಪೀಠದ ಹೊಣೆ ಬಂದಾಗ ಶಿವಕುಮಾರ ಸ್ವಾಮಿಗಳ ಕೈಯಲ್ಲಿ ತಾಮ್ರದ ಗಣಿಯಿರಲಿಲ್ಲ. ಇದ್ದದ್ದು ಜೋಳಿಗೆ. ಹಳ್ಳಿಯಿಂದ ಹಳ್ಳಿಗೆ ಹೋಗಿ ಭಿಕ್ಷೆ ಎತ್ತಿದರು. ರಾಗಿ, ಭತ್ತ, ಕಾಳು, ಏನು ಬಂದರೆ ಅದು. ಹತ್ತು ಸಾವಿರ ಮಕ್ಕಳಿಗೆ ಉಣಿಸುವ ಮನೆಯ ಯಜಮಾನರು ಮೊದಲು ತಾವೇ ಬೇಡಿದವರು. ಭೂಮಿ ಇದ್ದವನು ಒಂದು ಚೀಲ ಹಾಕಿದ, ಇಲ್ಲದವನು ಒಂದು ಮೊರ ಹಾಕಿದ. ಇಂದಿಗೂ ಶಿವರಾತ್ರಿಯ ಜಾತ್ರೆಗೆ, ದನಗಳ ಪರಿಷೆಗೆ ಬರುವ ರೈತರು ಬರಿಗೈಯಲ್ಲಿ ಬರುವುದಿಲ್ಲ. ಒಲೆಯ ಮೇಲಿನ ಆ ದೊಡ್ಡ ಕೊಳಗದಲ್ಲಿ ಬೇಯುವ ರಾಗಿಯಲ್ಲಿ ಯಾವ ಹೊಲದ್ದು ಎಷ್ಟು ಎಂದು ಯಾರು ಬೇರ್ಪಡಿಸಿಯಾರು? ಕೊಟ್ಟವರು ಅಸಂಖ್ಯರಾದ್ದರಿಂದ ಕೊಟ್ಟವನ ಹೆಸರೇ ಇಲ್ಲ. ಉಣಿಸಿದವರು ತಾವೇ ಭಿಕ್ಷೆಯವರಾದ್ದರಿಂದ ಉಂಡವನು ತಲೆ ತಗ್ಗಿಸಬೇಕಾಗಿಲ್ಲ. ಫುಗ್ಗರೈಯ ಪ್ರಾರ್ಥನೆ ಕೊಟ್ಟವನಿಗಾಗಿ. ಸಿದ್ಧಗಂಗೆಯ ಅಂಗಳದ ಪ್ರಾರ್ಥನೆಯಲ್ಲಿ ಚೀಲ ಹಾಕಿದ ರೈತನ ಹೆಸರಿಲ್ಲ, ಅವನು ಅದನ್ನು ಕೇಳಿಯೂ ಇಲ್ಲ.

೨೦೧೯ರ ಜನವರಿ ೨೧ರಂದು, ನೂರಹನ್ನೊಂದನೆಯ ವಯಸ್ಸಿನಲ್ಲಿ ಶ್ರೀಗಳು ಲಿಂಗೈಕ್ಯರಾದರು. ಬೆಳಗಿನ ಹೊತ್ತು ಮುಗಿಯುವಾಗ ಉಸಿರು ನಿಂತಿತು. ಮಕ್ಕಳ ಮಧ್ಯಾಹ್ನದ ಊಟವಾಗುವವರೆಗೆ ಸುದ್ದಿ ಹೊರಗೆ ಬರಬಾರದೆಂಬುದು ಅವರ ಇಚ್ಛೆಯಾಗಿತ್ತೆಂದು ಆಗ ಪತ್ರಿಕೆಗಳಲ್ಲಿ ಓದಿದ್ದೀರಿ. ಊಟ ಮುಗಿದ ಮೇಲೆಯೇ ಪ್ರಕಟವಾಯಿತು. ಸುದ್ದಿ ಮೊದಲೇ ತಿಳಿದಿದ್ದರೆ ಆ ಮಕ್ಕಳು ತಟ್ಟೆ ಬಿಟ್ಟು ಏಳುತ್ತಿದ್ದರು. ತನ್ನ ಸಾವು ಕೂಡ ಉಣ್ಣುವವನ ಮೇಲೆ ಹೊರೆಯಾಗಬಾರದು ಎಂದುಕೊಂಡವರು ಉಂಡವರಿಂದ ಏನು ಕೇಳಿಯಾರು? ನನ್ನ ನಿಲಯದ ಆ ಪಾಯಸದ ದಿನವನ್ನು ಇದರ ಪಕ್ಕದಲ್ಲಿಟ್ಟು ನೋಡಿದಾಗ, ಎದೆಯಲ್ಲಿದ್ದ ಕಹಿ ಎಲ್ಲಿಂದ ಬಂದಿತೆಂದು ನನಗೆ ಐವತ್ತು ವರ್ಷಗಳ ನಂತರ ಅರ್ಥವಾಯಿತು. ಅವರು ಕೃತಜ್ಞತೆ ಕೇಳಿದ್ದು ತಪ್ಪಲ್ಲ. ತಾಯಿ ಹೊಲಿದ ಅಂಗಿಯನ್ನು ತೆಗೆಸಿದ್ದು ತಪ್ಪು. ನನ್ನ ಬಳಿಯೂ ಕೊಟ್ಟವರೊಬ್ಬರಿದ್ದರು, ಅವರಿಗಿಂತ ಹೆಚ್ಚು ಕೊಟ್ಟವರು. ಆ ಕೊಡುಗೆ ಕಾಣದಂತೆ ಮಾಡಿದರೆ ಮಾತ್ರ ಇವರದು ದೊಡ್ಡದಾಗಿ ಕಾಣುತ್ತಿತ್ತು.

ಇಷ್ಟೆಲ್ಲ ದೂರದ ಮಾತಾಯಿತು, ನಮ್ಮಲ್ಲಿ ಏನಿದೆ ಎಂದು ಕೇಳುವಿರಿ. ಬೇಕಲದ ಕೋಟೆಯನ್ನೂ ಚಂದ್ರಗಿರಿಯ ಕೋಟೆಯನ್ನೂ ನೋಡಿದಾಗಲೆಲ್ಲ ಶಿವಪ್ಪನಾಯಕನ ಹೆಸರು ಹೇಳಿ ನಾವು ಎದೆಯುಬ್ಬಿಸುತ್ತೇವೆ. ಅದೇ ಕೆಳದಿಯ ಅರಸರು ಮಠಗಳಿಗೂ ಛತ್ರಗಳಿಗೂ ಭೂಮಿ ಬಿಟ್ಟ ಶಾಸನಗಳು ಎಷ್ಟೋ ಇವೆ. ಕೋಟೆಗಳಿಗೆ ಪ್ರವಾಸಿಗರು ಬರುತ್ತಾರೆ. ಆ ಛತ್ರಗಳಲ್ಲಿ ಉಂಡು ಮುಂದೆ ನಡೆದ ದಾರಿಹೋಕರ ಗುರುತು ಎಲ್ಲಿಯೂ ಇಲ್ಲ. ಇರಬೇಕಾದದ್ದೂ ಹಾಗೆಯೇ ಇರಬಹುದು.

ತೀರ ಹತ್ತಿರದ್ದು ಬದಿಯಡ್ಕದ ಬಳಿಯ ಕಿಳಿಂಗಾರಿನ ಸಾಯಿರಾಂ ಭಟ್ಟರದು. ಕೃಷಿಕರು, ನಾಟಿ ವೈದ್ಯರು. ೧೯೯೫ರಲ್ಲಿ ಕಾಶಿಯಾತ್ರೆಗೆಂದು ಹಣ ಕೂಡಿಟ್ಟಿದ್ದರು. ಮಳೆಗೆ ಗುಡಿಸಲು ಕಳಕೊಂಡ ಬಡವನೊಬ್ಬ ಬಂದು ನಿಂತಾಗ ಯಾತ್ರೆಯ ಹಣದಲ್ಲಿ ಅವನಿಗೆ ಮನೆ ಕಟ್ಟಿಸಿದರು. ಅವನು ಮುಸಲ್ಮಾನ. ಅಲ್ಲಿಂದ ಹಿಡಿದು ಇನ್ನೂರೈವತ್ತಕ್ಕೂ ಹೆಚ್ಚು ಮನೆಗಳು, ಜಾತಿಮತ ನೋಡದೆ. ೨೦೨೨ರ ಜನವರಿಯಲ್ಲಿ ಅವರು ತೀರಿಕೊಂಡರು. ಆ ಮನೆಗಳಿಗೆ ಗೋಡೆಯಿಲ್ಲ, ಹೆಬ್ಬಾಗಿಲಿಲ್ಲ, ಒಂದೇ ಕಡೆ ಸಾಲಾಗಿಯೂ ಇಲ್ಲ. ಊರೂರಲ್ಲಿ ಚದುರಿ, ಬೇರೆ ಮನೆಗಳ ನಡುವೆ ಬೇರೆ ಮನೆಗಳಂತೆಯೇ ಇವೆ. ದಾರಿಯಲ್ಲಿ ಹೋಗುವವನಿಗೆ ಇದು ಕೊಟ್ಟ ಮನೆ, ಇದು ಕಟ್ಟಿದ ಮನೆ ಎಂದು ತಿಳಿಯುವುದಿಲ್ಲ. ಲಿಂಗ ಕಟ್ಟಿದವರಲ್ಲದ ಒಬ್ಬರು ಲಕ್ಕಮ್ಮನ ಮಾತನ್ನು ನಮಗಿಂತ ಚೆನ್ನಾಗಿ ತಿಳಿದಿದ್ದರೆಂದು ಬರೆಯಲು ನನಗೆ ಸಂಕೋಚವಿಲ್ಲ.

ಈಗ ನನ್ನದೇ ಒಂದು ಮಾತು ಹೇಳಿ ಮುಗಿಸುತ್ತೇನೆ. ಕಳೆದ ವರ್ಷ ಕರಿಮೆಣಸಿಗೆ ಒಳ್ಳೆಯ ಧಾರಣೆ ಸಿಕ್ಕಿತು. ನಮ್ಮ ದಾಸೋಹ ಮನೆಯ ದುರಸ್ತಿಗೆ ನಾನೂ ಒಂದಿಷ್ಟು ಕೊಟ್ಟೆ. ಹೆಸರು ಹಾಕಿಸಬೇಕೆಂದು ಯಾರೂ ಹೇಳಿರಲಿಲ್ಲ. ನಾನೇ ಕಾರ್ಕಳದ ಕಲ್ಲು ತರಿಸಿ, ನನ್ನ ಹೆಸರು, ತಂದೆಯ ಹೆಸರು, ಅಂಗಡಿಯ ಹೆಸರು, ಕೊಟ್ಟ ಮೊತ್ತ ಎಲ್ಲವನ್ನೂ ಕೆತ್ತಿಸಿದೆ. ತಾಯಿಯ ಹೆಸರಿಗೆ ಜಾಗ ಸಾಲಲಿಲ್ಲ. ಕಲ್ಲು ಬಂದ ವಾರವೇ ಕೆಲಸದ ನಿಮಿತ್ತ ಬೇರೊಂದು ಊರಿಗೆ ಹೋದವನು ಅಲ್ಲಿನ ಅನ್ನಛತ್ರದಲ್ಲಿ ಊಟಕ್ಕೆ ಕುಳಿತಿದ್ದೆ. ಎದುರಿನ ಸಾಲಿನಲ್ಲಿ ಒಂಬತ್ತು ಹತ್ತು ವರ್ಷದ ಒಬ್ಬ ಹುಡುಗ. ಆಗಷ್ಟೇ ಓದಲು ಕಲಿತವನಿರಬೇಕು. ಗೋಡೆಯ ಮೇಲಿನ ಹೆಸರುಗಳನ್ನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದ. ಮೊತ್ತದ ಕಡೆಗೆ ಬಂದಾಗ ಸೊನ್ನೆಗಳನ್ನು ಬೆರಳಿನಲ್ಲಿ ಎಣಿಸಿದ. ಒಮ್ಮೆ ಗೋಡೆಯನ್ನು ನೋಡಿದ, ಒಮ್ಮೆ ತನ್ನ ಎಲೆಯನ್ನು ನೋಡಿದ. ಸಾರು ಬಡಿಸುವವರು ಎರಡನೆಯ ಸಲ ಬಂದರು, ಬೇಡವೆಂದು ಕೈ ಅಡ್ಡ ಹಿಡಿದ.

ಹೊಟ್ಟೆ ತುಂಬಿದ್ದಿರಲೂಬಹುದು. ನಾನು ಕೇಳಲಿಲ್ಲ.

ಕಲ್ಲು ನಾಲ್ಕು ತಿಂಗಳಿಂದ ಅಂಗಡಿಯ ಹಿಂದೆ ಗೋಡೆಗೆ ಒರಗಿ ನಿಂತಿದೆ. ಕೆತ್ತಿದವನಿಗೆ ಹಣ ಕೊಟ್ಟಾಗಿದೆ, ಅವನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಅದರ ಹಿಂಬದಿ ಒಳ್ಳೆಯ ನುಣುಪು ಇದೆ, ದಾಸೋಹ ಮನೆಯ ಹಿತ್ತಿಲಲ್ಲಿ ತಟ್ಟೆ ತೊಳೆಯುವ ಕಡೆ ನೆಲ ಕಿತ್ತುಹೋಗಿದೆ, ಅಕ್ಷರದ ಬದಿ ಕೆಳಗೆ ಮಾಡಿ ಅಲ್ಲಿ ಹಾಸಿದರೆ ಮಳೆಗಾಲದಲ್ಲಿ ಮಕ್ಕಳ ಕಾಲು ಜಾರದು ಎಂದು ನಮ್ಮ ಮನೆಯವರು ಹೇಳುತ್ತಾರೆ. ಸೋಮವಾರಕ್ಕೆ ಗಾಡಿ ಹೇಳಿದ್ದೇನೆ. ಭಾರದ ಕಲ್ಲು, ಇಳಿಸಲು ನಾಲ್ಕು ಜನ ಬೇಕಾಗುತ್ತದೆ, ಬಿಡುವಿದ್ದವರು ಬೆಳಿಗ್ಗೆ ಬಂದರೆ ಉಪಕಾರವಾಗುತ್ತದೆ.